ಒಂಬತ್ತೂವರೆ ಬಸ್ಸು ಮತ್ತು ಮಸುಕಾದ ಹೆಬ್ಬಾತುಗಳು

"ಮತ್ತೆ ಮಸುಕು!" ತೇಜಸ್ವಿನಿ ಕ್ಯಾಮೆರಾದ ಪರದೆಯಿಂದ ಕಣ್ಣೆತ್ತಿ ಅಮೃತೇಶನನ್ನು ದುರುಗುಟ್ಟಿ ನೋಡಿದಳು. "ನಿಜ ಹೇಳ್ರಿ, ಕೈ ಅಲ್ಲಾಡಿಸಿದ್ರಿ ತಾನೆ?"

"ಕರೆಂಟ್ ಕಂಬದ ತುದೀಲಿ ನಿಂತು ತಂತಿ ಕಟ್ಟೋ ಕೈ ಮೇಡಂ ಇದು. ಅಲ್ಲಾಡಿದ್ರೆ ಇಷ್ಟೊತ್ತಿಗೆ ನಾನೇ ಫೋಟೋ ಆಗಿರ್ತಿದ್ದೆ, ಹಾರ ಹಾಕ್ಕೊಂಡು."

ನಗು ಬಂತು, ನುಂಗಿಕೊಂಡಳು.

ಹದಿನಾರು ಎಂಬ ಊರಿನ ಕೆರೆಯಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಗುಂಪುಗುಂಪಾಗಿ ತೇಲುತ್ತಿದ್ದವು. ಅವುಗಳಲ್ಲೊಂದರ ಕೊರಳಿಗೆ ಮಂಗೋಲಿಯಾದ ಸಂಶೋಧಕರು ಹಾಕಿದ ಹಸಿರು ಪಟ್ಟಿ ಇತ್ತು. ಅದರ ಮೇಲಿನ ನಂಬರ್ ಓದಿದರೆ ಹಕ್ಕಿ ಎಲ್ಲಿಂದ ಹಾರಿಬಂತೆಂದು ತಿಳಿಯುತ್ತದೆ. ತಿ. ನರಸೀಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ತೇಜಸ್ವಿನಿ ಅದಕ್ಕಾಗಿಯೇ ನಾಲ್ಕು ಭಾನುವಾರಗಳಿಂದ, ಈ ಊರಿನ ಲೈನ್‌ಮನ್ ಅಮೃತೇಶನ ಕ್ಯಾಮೆರಾ ನಂಬಿಕೊಂಡು ಬರುತ್ತಿದ್ದಳು. ಹಾಗಂತ ಮನೆಯಲ್ಲಿ ಹೇಳಿದ್ದಳು. ಇನ್ನು ಮೂರೋ ನಾಲ್ಕೋ ದಿನ, ಹಕ್ಕಿಗಳು ಹಿಮಾಲಯದತ್ತ ಹೊರಡುತ್ತವೆ. ಆಮೇಲೆ ಈ ಊರಿಗೆ ಬರಲು ಅವಳಿಗೆ ನೆಪವೇ ಇರುವುದಿಲ್ಲ.

ಷಟರ್ ವೇಗ ಹೆಚ್ಚಿಸಿದ್ದಾಯಿತು. ಟ್ರೈಪಾಡಿಗೆ ಮರಳಿನ ಚೀಲ ತೂಗುಹಾಕಿದ್ದಾಯಿತು. ಅಲುಗಾಟ ತಡೆಯುವ ಸ್ವಿಚ್ಚನ್ನು ಹಾಕಿಯೂ ತೆಗೆದೂ ನೋಡಿದ್ದಾಯಿತು. ಮೊಳದುದ್ದದ ಲೆನ್ಸಿನ ಮೇಲೆ ಅವನು ಅಂಗೈ ಒತ್ತಿ ಹಿಡಿದಾಗ ಆ ಬೆರಳುಗಳನ್ನೇ ನೋಡುತ್ತ, ಫೋಕಸ್ ನೋಡುವುದನ್ನು ಅವಳು ಮರೆತದ್ದೂ ಆಯಿತು.

ಕೆರೆ ಏರಿಯ ಮೇಲೆ ಆಡು ಹೊಡೆದುಕೊಂಡು ಬಂದ ಮುದುಕಿ ಕೆಂಪಾಜಮ್ಮ ನಿಂತಳು. "ಏನವ್ವಾ, ಇವತ್ತೂ ಬೀಳ್ನಿಲ್ವಾ ಫೋಟ? ಮೊದ್ಲು ಇವ್ನು ಒತ್ತು ಉಟ್ಟೋವಾಗ್ಲೇ ಬಂದು ಕುಂತಿರೋನು. ಈಗ ನೋಡುದ್ರೆ ಬಸ್‌ಸ್ಟಾಪ್ ಕಾಯ್ತಾ ಕುಂತಿರ್ತಾನೆ."

"ಅಜ್ಜಿ, ನಿಮ್ಮ ಆಡು ತೋಟಕ್ಕೆ ನುಗ್ತು ನೋಡಿ!" ಅಮೃತೇಶ್ ಗಾಬರಿಯಿಂದ ಕೂಗಿದ.

"ಎಲ್ಲೂ ನುಗ್ಗಿಲ್ಲ, ಬುಡ್ಲಾ." ಅಜ್ಜಿ ನಗುತ್ತ ಮುಂದೆ ಹೋದಳು.

ತೇಜಸ್ವಿನಿಯ ಹೆಬ್ಬೆರಳು ಕ್ಯಾಮೆರಾದ ಹಳೆಯ ಫೋಟೋಗಳತ್ತ ಸರಿಯಿತು. ಪಟ್ಟಿಯ ಹಕ್ಕಿ ಕಾಣಿಸಿಕೊಳ್ಳುವ ಮೊದಲು, ಜನವರಿಯಲ್ಲಿ ಅಮೃತೇಶ್ ತೆಗೆದವು. ಒಂದೊಂದು ಗರಿಯನ್ನೂ ಎಣಿಸಬಹುದು, ಅಷ್ಟು ಸ್ಪಷ್ಟ. ಮೂಲೆಯಲ್ಲಿ ಸಮಯ: ಏಳು ಗಂಟೆ ಎರಡು ನಿಮಿಷ. ಏಳು ಹತ್ತು. ಅವಳು ಬರತೊಡಗಿದ ಮೇಲಿನವೆಲ್ಲ ಒಂಬತ್ತೂಮುಕ್ಕಾಲು, ಹತ್ತು.

ಕತ್ತೆತ್ತಿ ನೋಡಿದಳು. ಕೆರೆಯಂಚಿನ ಒಣಮಣ್ಣಿನ ಮೇಲೆ ಬಿಸಿಗಾಳಿ ನಡುಗುತ್ತಿತ್ತು. ಆಚೆ ದಡದ ತೆಂಗಿನ ಮರಗಳೂ ಅದರಲ್ಲಿ ಕುಣಿಯುತ್ತಿದ್ದವು. ಮರೀಚಿಕೆಯ ಪಾಠವನ್ನು ವರ್ಷವರ್ಷವೂ ಮಾಡುವವಳಿಗೆ ಕಣ್ಣೆದುರಿನದೇ ಕಂಡಿರಲಿಲ್ಲ.

"ಬಿಸಿಲೇರಿದ ಮೇಲೆ ಎಂಥ ಲೆನ್ಸ್ ಇದ್ರೂ ಇಷ್ಟು ದೂರಕ್ಕೆ ಶಾರ್ಪ್ ಬರಲ್ಲ. ನಿಮಗೆ ಗೊತ್ತಿತ್ತು."

"ಹೂಂ."

"ಲೆನ್ಸ್ ಸರ್ವಿಸ್‌ಗೆ ಕೊಡಿ ಅಂದಾಗ್ಲೂ ತಲೆ ಆಡಿಸಿದ್ರಲ್ಲ!"

"ಪಾಪ, ಅದು ಸುಮ್ಮನೆ ಬೈಸ್ಕೊಂತು. ಕ್ಷಮೆ ಕೇಳ್ತೀನಿ ಕಣ್ರೀ. ಅದನ್ನೂ, ನಿಮ್ಮನ್ನೂ."

"ಏಳಕ್ಕೇ ಬಂದು ತೆಗೀಬಹುದಿತ್ತು."

ಅವನ ಕಿವಿ ಕೆಂಪಾದವು. "ತೆಗೆದು ನಂಬರ್ ಕಳಿಸಿಬಿಟ್ಟಿದ್ರೆ, ಒಂಬತ್ತೂವರೆ ಬಸ್ಸಲ್ಲಿ ನೀವು ಯಾಕೆ ಬರ್ತಿದ್ರಿ?"

ಹೆಬ್ಬಾತೊಂದು ರೆಕ್ಕೆ ಕೊಡವಿತು. ಇಬ್ಬರೂ ಅದನ್ನು ನೋಡಲಿಲ್ಲ.

"ಏಳಕ್ಕೇ ಇಲ್ಲಿಗೆ ಬರೋ ಬಸ್ಸೂ ಒಂದಿದೆ," ಎಂದಳು ತೇಜಸ್ವಿನಿ, ನೆಲ ನೋಡುತ್ತ. "ಯಾವ ಚೂಡಿದಾರ್ ಹಾಕ್ಕೊಳ್ಳೋದು ಅಂತ ತೀರ್ಮಾನ ಆಗೋಷ್ಟರಲ್ಲಿ ಪ್ರತಿ ವಾರ ಹೊರಟುಹೋಗಿರೋದು."

"ತೇಜಸ್ವಿನಿ..." ಮೊದಲ ಸಲ ಅವನು ಮೇಡಂ ಎನ್ನುವುದನ್ನು ಮರೆತಿದ್ದ.

"ನಾಳೆ ಏಳಕ್ಕೆ ಬಂದು ನಂಬರ್ ತೆಗೀರಿ. ವಾಟ್ಸಾಪ್ ಮಾಡ್ಬೇಡಿ, ನೀವೇ ಮನೆಗೆ ತಂದ್ಕೊಡಿ. ಸಂಜೆ ಅಪ್ಪ, ಅಮ್ಮ ಇಬ್ರೂ ಇರ್ತಾರೆ."

ಅವನು ಬ್ಯಾಗಿನ ಜಿಪ್ ಎಳೆದ, ತೆಗೆದ, ಮತ್ತೆ ಎಳೆದ. "ಅವರು ಯಾರಪ್ಪಾ ನೀನು ಅಂದ್ರೆ?"

"ಹೆಬ್ಬಾತಿನ ವಿಷಯ ನೀವು ಹೇಳಿ," ಎಂದಳು. "ಮಿಕ್ಕಿದ್ದು ನಾನು ಹೇಳ್ತೀನಿ."