ಝುಕೆರಾನ್ ಮನೆತನದ ಗುಟ್ಟಿನ ಏಟು

"ಅಣ್ಣಾ, ಮಾಯೆಶಿರೊ ಅಂಥ ಹುಡುಗ ಅಲ್ಲ. ಅವನನ್ನ ಗಲ್ಲಿಗೆ ಹಾಕಿಬಿಡ್ತಾರೆ. ನೀವೇ ಉಳಿಸಬೇಕು!"

ಉಶಿಯಮ್ಮ ಪತ್ತೇದಾರ ತೋಕಾಶಿಕಿಯ ಜಗಲಿಯಲ್ಲಿ ಕುಸಿದು ಕೂತಾಗ, ಅವನ ಗೆಳೆಯ ಯೋನಾಮಿನೆ ಮೇಷ್ಟ್ರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು. ಆಕೆಯ ಗಂಡ, ಕರಾಟೆಯ ಝುಕೆರಾನ್ ಗುರುಗಳು, ಬೆಳಿಗ್ಗೆ ತಮ್ಮದೇ ಅಂಗಳದಲ್ಲಿ ಹೆಣವಾಗಿ ಬಿದ್ದಿದ್ದರು. ಅವರ ಶಿಷ್ಯ ಮಾಯೆಶಿರೊನನ್ನು ಪೊಲೀಸರು ಹಿಡಿದಿದ್ದರು. ಗೆಳೆಯರಿಬ್ಬರೂ ಆಕೆಯ ಜೊತೆ ಆ ಅಂಗಳಕ್ಕೆ ಹೋದಾಗ ಇಡೀ ನಾಹಾ ಊರೇ ಸೇರಿತ್ತು.

ಹೆಣದ ಬಲಗಿವಿಯ ಕೆಳಗೆ, ದವಡೆಯ ಕಡೆ, ಎದುರಿನಿಂದ ಬಿದ್ದ ಒಂದೇ ಗೆಣ್ಣಿನ ನೀಲಿ ಗುರುತು. ತೋಕಾಶಿಕಿ ಅದನ್ನೇ ನೋಡುತ್ತ ಕೂತ.

"ಇನ್ನೇನು ನೋಡೋದು?" ಎಂದರು ಪೊಲೀಸ್ ಅಧಿಕಾರಿ. "ಇವರ ತಾತ ಚೀನಾದ ಫುಚೌನಿಂದ ತಂದ ವರಸೆಯ ಕೊನೆ ಏಟು ಇದು. ತಲೆಮಾರಿಗೊಬ್ಬ ಶಿಷ್ಯನಿಗಷ್ಟೇ ಕಲಿಸ್ತಾರೆ. ಈಗ ಬಲ್ಲವನು ಆ ಕುಂಬಾರರ ಹುಡುಗ ಮಾಯೆಶಿರೊ ಒಬ್ಬನೇ."

ಮೇಷ್ಟ್ರಿಗೂ ಅದು ಸರಿಯೆನ್ನಿಸಿತು. ತೋಕಾಶಿಕಿ ಮಾತ್ರ ಉಶಿಯಮ್ಮನ ಕಡೆ ತಿರುಗಿದ. "ಗುರುಗಳು ಎಲ್ಲಿ ನಿಂತು ಕಲಿಸ್ತಿದ್ರು, ಅಕ್ಕಾ?"

"ಇಲ್ಲೇ, ದಾಸವಾಳದ ಬೇಲಿಗೆ ಮುಖ ಮಾಡಿ. ಶಿಷ್ಯ ಬೆನ್ನ ಹಿಂದೆ ನಿಂತು ನೋಡಿಕೊಂಡು ಮಾಡಬೇಕು."

ಬೇಲಿಯಾಚೆ ಗುರುಗಳ ಅಣ್ಣನ ಮಗ ಚೋಗೆನ್‌ನ ಮನೆ. ಕೊಲೆಗಾರನನ್ನು ಹಿಡಿಯುವುದು ಬಿಟ್ಟು ಬೇಲಿ ನೋಡುತ್ತಾನಲ್ಲ ಎಂದು ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು.

ಏಳನೇ ದಿನದ ಪೂಜೆಗೆ ಪಂಥದ ಹಿರಿಯರು ಸೇರಿದರು. ಗುರು ಹೋದರು, ಶಿಷ್ಯ ಜೈಲಿನಲ್ಲಿ. ವರಸೆಯೇ ಅಳಿದುಹೋಗುತ್ತದೆಂದು ಅವರಿಗೆ ಚಿಂತೆ. ಆಗ ಚೋಗೆನ್ ಎದೆ ಸೆಟೆಸಿ ಎದ್ದ. "ಚಿಕ್ಕಪ್ಪ ನನಗೂ ಗುಟ್ಟಾಗಿ ಕಲಿಸಿದ್ರು. ರಕ್ತಸಂಬಂಧ ಸುಮ್ನೇನಾ? ಗುರುಪೀಠ ನಂದೇ."

"ಹಾಗಾದ್ರೆ ತೋರಿಸಪ್ಪಾ," ಎಂದ ತೋಕಾಶಿಕಿ. ಅವನು ಹೇಳಿಕಳಿಸಿದ್ದರಿಂದ ಮಾಯೆಶಿರೊನನ್ನೂ ಬೇಡಿ ಹಾಕಿ ಕರೆತಂದಿದ್ದರು.

ಚೋಗೆನ್ ಅಂಗಳಕ್ಕಿಳಿದು ವರಸೆ ಮಾಡಿದ. ಎಂಥ ಚುರುಕು! ಕೊನೆಗೆ ಅವನ ಎಡಗೈಯ ಗೆಣ್ಣು ಗಾಳಿಯನ್ನು ಸೀಳಿ ನಿಂತಿತು. ಹಿರಿಯರು ಭೇಷ್ ಎಂದರು. ಅವರಾದರೂ ಅಸಲು ವರಸೆಯನ್ನು ಎಲ್ಲಿ ಕಂಡಿದ್ದರು?

"ಈಗ ಮಾಯೆಶಿರೊ ಮಾಡಲಿ."

ಬೇಡಿ ಕಳಚಿದರು. ಹುಡುಗ ಅಂಗಳಕ್ಕಿಳಿದ. ವರಸೆ ಅದೇ, ಎಡಬಲ ಮಾತ್ರ ಅದಲುಬದಲು. ಕೊನೆಗೆ ಎದ್ದದ್ದು ಬಲಗೈ.

"ಎದುರು ನಿಂತವನ ಬಲಗೈ ಏಟು ನಮ್ಮ ಎಡಗಿವಿಗೆ ಬೀಳುತ್ತೆ," ಎಂದ ತೋಕಾಶಿಕಿ. "ಗುರುಗಳಿಗೆ ಬಿದ್ದದ್ದು ಬಲಗಿವಿಗೆ, ಅದೂ ಎದುರಿನಿಂದ. ಹೊಡೆದದ್ದು ಎಡಗೈ."

"ಮಾಯೆಶಿರೊಗೇನು ಎಡಗೈ ಇಲ್ವಾ?" ಎಂದು ಅಧಿಕಾರಿ ಗದರಿದರು.

"ಇದೆ. ಆದರೆ ವರ್ಷಗಟ್ಟಲೆ ಬಲಗೈ ಪಳಗಿಸಿದವನು ಕೊಲ್ಲೋ ಹೊತ್ತಲ್ಲಿ ಎಡಗೈ ಎತ್ತೋದಿಲ್ಲ ಸ್ವಾಮೀ. ಬೆನ್ನ ಹಿಂದೆ ನಿಂತವನಿಗೆ ಗುರುವಿನ ಬಲಗೈ ತನಗೂ ಬಲಗೈಯೇ. ಬೇಲಿ ಸಂದಿಯಿಂದ ಎದುರಾಗಿ ಕದ್ದು ನೋಡಿದವನಿಗೆ ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ. ಚೋಗೆನ್, ನಿಂಗೆ ಯಾರೂ ಕಲಿಸಿಲ್ಲ. ನೀನು ಕದ್ದು ಕಲಿತೆ, ಅದೂ ತಿರುಗುಮುರುಗಾಗಿ. ಈ ಊರಲ್ಲಿ ಆ ಏಟನ್ನು ಎಡಗೈಲಿ ಕಲಿತವನು ನೀನೊಬ್ಬನೇ."

ಚೋಗೆನ್ ತನ್ನ ಎಡಗೈಯನ್ನು ಪರರ ಕೈಯೆಂಬಂತೆ ನೋಡಿಕೊಂಡ. "ಅಯ್ಯೋ... ಅದಕ್ಕೇ ನಕ್ರಾ?"

"ಯಾರು ನಕ್ಕಿದ್ದು?" ಎಂದು ಅಧಿಕಾರಿ ಅವನತ್ತ ಒಂದು ಹೆಜ್ಜೆ ಇಟ್ಟರು.

"ಅವತ್ತು ಮಾಡಿ ತೋರಿಸ್ದೆ. ನನ್ನನ್ನೇ ಗುರು ಮಾಡಿ ಅಂದೆ. ಚಿಕ್ಕಪ್ಪ ನಕ್ಕುಬಿಟ್ರು. ಯಾಕೆ ನಗ್ತೀರಿ ಅಂದ್ರೆ ಹೇಳ್ಲಿಲ್ಲ. ಕುಂಬಾರರವನ ಜೊತೆ ಅಂಗಳ ಗುಡಿಸು, ಆಮೇಲೆ ಹೇಳ್ತೀನಿ ಅಂದ್ರು. ದೊಡ್ಡ ಮನೆಯ ಮಗ ನಾನು! ಕೈ ತಡೀಲಿಲ್ಲ."

ಅಧಿಕಾರಿ ಅವನ ರಟ್ಟೆ ಹಿಡಿದರು. ಉಶಿಯಮ್ಮ ಮಾಯೆಶಿರೊನನ್ನು ತಬ್ಬಿಕೊಂಡೇ ಚೋಗೆನ್‌ನತ್ತ ತಿರುಗಿದರು. ಬೈಯುತ್ತಾರೆಂದುಕೊಂಡಿದ್ದರು ಮೇಷ್ಟ್ರು. ಆಕೆಗೆ ಅಳು ಉಕ್ಕಿ ಬಂತು.

"ಬೇಲಿ ಬಿಟ್ಟು ಬಾಗಿಲಿಂದ ಬಂದಿದ್ರೆ ಅವರೇ ಕಲಿಸ್ತಿದ್ರಲ್ಲೋ ಮಗಾ."