ಗದೆಗಿಟ್ಟ ಕುಂಕುಮ

ಬುಧವಾರ ಮಧ್ಯಾಹ್ನ ನಾನು ಮುದ್ದೆಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ರಮ್ಯ ಬಂದಳು. ಊಟದ ವಿಷಯದಲ್ಲಿ ನನಗೆ ಸಿಟ್ಟು ಬೇಗ. ಆದರೆ ಆ ಹುಡುಗಿಯ ಮುಖ ನೋಡಿ ತಟ್ಟೆ ಪಕ್ಕಕ್ಕಿಟ್ಟೆ.

"ಕದಿರಮ್ಮಕ್ಕ, ನಮ್ಮನೆಯವ್ರನ್ನ ಕೊಲೆ ಕೇಸಲ್ಲಿ ಹಿಡ್ಕೊಂಡು ಹೋಗ್ಬಿಟ್ರು. ನಾಳೆ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ. ನೀವೇ ದಿಕ್ಕು."

ಕದಿರಮ್ಮ ನನ್ನ ಅಕ್ಕ, ಹೊಸಕೋಟೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ನಾನು ಆಂಜಿನಪ್ಪ, ಆಕೆಯ ಸ್ಕೂಟರ್ ಓಡಿಸುವುದೂ ಬೈಗುಳ ತಿನ್ನುವುದೂ ನನ್ನ ಪಾಲಿನ ಕೆಲಸ.

ಸತ್ತವರು ಸಮೇತನಹಳ್ಳಿ ಗರಡಿಮನೆಯ ಉಸ್ತಾದ್ ದೊಡ್ಡಬೀರಪ್ಪ. ಅವರ ಗರಡಿಯಲ್ಲೊಂದು ಕೀರ್ತಿಗೋಡೆಯಿತ್ತು. ಹೆಸರು ಮಾಡಿದ ಪೈಲ್ವಾನನ ಫೋಟೋ, ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಅವನು ಗೆದ್ದ ಬಹುಮಾನ. ಬರುವ ಭಾನುವಾರ ಹಳೇ ಶಿಷ್ಯ ಕೆಂಪರಾಜುವಿನ ಫೋಟೋ ಏರಬೇಕಿತ್ತು. ಅವನ ಬೆಳ್ಳಿ ಕಡಗ ಆಗಲೇ ಪೆಟ್ಟಿಗೆ ಸೇರಿತ್ತು.

ರಮ್ಯಳ ಗಂಡ ಗೋವಿಂದರಾಜು ಪೈಲ್ವಾನರ ಹಳೇ ಪದಕ, ಕಡಗಗಳನ್ನು ಕೊಂಡು ಮಾರುವವನು. ಮಂಗಳವಾರ ಸಂಜೆ ಗರಡಿಗೆ ಹೋಗಿದ್ದಾಗ ಆ ಕಡಗ ಕಂಡು, ಅದು ತನ್ನ ಅಂಗಡಿಯಿಂದಲೇ ಹೋದದ್ದು, ಕುಸ್ತಿಯಲ್ಲಿ ಗೆದ್ದದ್ದಲ್ಲ ಎಂದನಂತೆ. ಯಾರೋ ದಲ್ಲಾಳಿ ಕೊಂಡಿದ್ದ, ಯಾರಿಗೆ ಕೊಟ್ಟನೋ ಗೊತ್ತಿಲ್ಲವಂತೆ. ಉಸ್ತಾದರು ಕೆಂಡವಾದರು, ಕೂಗಾಟ ಬೀದಿಗೆಲ್ಲ ಕೇಳಿತು. ಬೆಳಿಗ್ಗೆ ನೋಡಿದರೆ ಉಸ್ತಾದರು ತಲೆಯೊಡೆದು ಸತ್ತು ಬಿದ್ದಿದ್ದರು, ಕಡಗ ಮಾಯ. ಕಡಗ ಹೊಡೆಯಲು ಗೋವಿಂದರಾಜು ಕಟ್ಟಿದ ಕತೆ ಅದು, ಉಸ್ತಾದರು ಒಪ್ಪದಿದ್ದಾಗ ಕೊಂದು ಒಯ್ದ ಅಂತ ಪೊಲೀಸರ ತೀರ್ಮಾನ.

ನಾವು ಹೋದಾಗ, ಹೆಣ ಮೊದಲು ಕಂಡಿದ್ದ ಶಿಷ್ಯ ಬೀರೇಶ್ ಗರಡಿಯ ಬಾಗಿಲಲ್ಲಿ ನಿಂತಿದ್ದ. "ಹೆಂಗಸ್ರು ಒಳಗೆ ಬರೋ ಹಾಗಿಲ್ಲ ಅಕ್ಕಾ."

"ಸರಿ ಕಣಪ್ಪ. ಆಂಜಿನಪ್ಪ, ಚಪ್ಪಲಿ ಬಿಟ್ಟು ಹೋಗು. ಕಂಡಿದ್ದನ್ನೆಲ್ಲ ಹೇಳು, ಬುದ್ಧಿವಂತಿಕೆ ಬೇಡ."

ಕುಸ್ತಿಯಾಡುವ ಕೆಮ್ಮಣ್ಣಿನ ಅಖಾಡ ದಾಟಿ ಒಳಗೆ ಹೋದೆ. ಕಡಗದ ಪೆಟ್ಟಿಗೆ ಖಾಲಿ. ಪಕ್ಕದಲ್ಲೇ ಬೀಗವಿಲ್ಲದ ಪೆಟ್ಟಿಗೆಯಲ್ಲಿ ಒಂದು ಮೊಳದ ಬೆಳ್ಳಿ ಗದೆ ಹಾಗೇ ಇತ್ತು. ಹನುಮಪ್ಪನ ಪಟದ ಮುಂದೆ ನಾಲ್ಕು ಮರದ ಗದೆ. ಮೂರಕ್ಕೆ ಒಣಗಿ ಬಿರುಕು ಬಿಟ್ಟ ಪುಟ್ಟ ಕುಂಕುಮದ ಬೊಟ್ಟು. ನಾಲ್ಕನೆಯದಕ್ಕೆ ಹೊಸ ಕುಂಕುಮ, ಅಗಲಕ್ಕೆ ಬಳಿದ ಹಾಗೆ. ಎಲ್ಲವನ್ನೂ ಕೂಗಿ ಹೇಳಿದೆ.

"ಗದೆ ತೊಳೆದು ಪೂಜೆ ಮಾಡೋದು ಯಾವತ್ತಪ್ಪಾ?" ಎಂದು ಅಕ್ಕ ಬೀರೇಶನನ್ನು ಕೇಳಿದಳು.

"ಶನಿವಾರ ಮಾತ್ರ. ಸರದಿ ಮೇಲೆ ಶಿಷ್ಯರೇ ಮಾಡ್ತೀವಿ. ಕುಂಕುಮ ಉಂಗುರದ ಬೆರಳಲ್ಲೇ ಇಡ್ಬೇಕು, ಇಲ್ದಿದ್ರೆ ಉಸ್ತಾದ್ರ ಏಟು ಬೆನ್ನಿಗೆ ಬೀಳೋದು," ಎಂದ ಬೀರೇಶ್. ಆಮೇಲೆ ಮುಖ ಗಂಟಿಕ್ಕಿಕೊಂಡು, "ನಮ್ಮಪ್ಪ ಮುನಿಶಾಮಪ್ಪನ ಫೋಟೋ ಹಾಕಿ ಅಂತ ಉಸ್ತಾದ್ರ ಕಾಲಿಗೆ ಬಿದ್ದೆ. ಕೆಂಪರಾಜಣ್ಣಂದೇ ಮೊದಲು ಅಂದ್ಬಿಟ್ರು."

ಅಷ್ಟರಲ್ಲಿ ಕೆಂಪರಾಜುವೇ ಬಂದ. ಬಲಗೈಯ ಉಂಗುರದ ಬೆರಳಿಗೆ ದಪ್ಪ ಬ್ಯಾಂಡೇಜು. ಹೋದ ವಾರ ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಮಿಷಿನಿಗೆ ಸಿಕ್ಕಿತಂತೆ. "ನನ್ನ ಕಡಗಾನೂ ಹೋಯ್ತು, ಗುರುಗಳೂ ಹೋದ್ರು," ಎಂದು ಅತ್ತ. ಕಡಗ ಮೊದಲು, ಗುರು ಆಮೇಲೆ! ನನಗೆ ಮೈ ಉರಿಯಿತು.

ಗುರುವಾರ ಬೆಳಿಗ್ಗೆ ಅಕ್ಕ ಎಲ್ಲರನ್ನೂ ಗರಡಿಯ ಬಾಗಿಲಾಚೆಯ ಅಂಗಳದಲ್ಲಿ ಸೇರಿಸಿದಳು. ಸಬ್ ಇನ್ಸ್‌ಪೆಕ್ಟರ್ ಗಡಿಯಾರ ನೋಡುತ್ತಿದ್ದರು. ರಮ್ಯ ಕಂಬ ಹಿಡಿದು ನಿಂತಿದ್ದಳು.

"ಸಾರ್, ಆಯುಧ ಹನುಮಪ್ಪನ ಮುಂದೇನೇ ಇದೆ," ಎಂದಳು ಅಕ್ಕ. "ಗೋವಿಂದರಾಜು ಹೊಡೆದಿದ್ರೆ ಗದೆ ಬಿಸಾಕಿ ಓಡ್ತಿದ್ದ. ಗರಡಿಯವನಿಗೆ ಅದು ಆಗಲ್ಲ. ರಕ್ತ ತೊಳೆದ, ಕುಂಕುಮಾನೂ ಹೋಯ್ತು. ಬರೀ ಗದೆ ದೇವರ ಮುಂದೆ ಇಡೋಕೆ ಮನಸ್ಸು ಒಪ್ಪಲಿಲ್ಲ. ಹೊಸದಾಗಿ ಇಟ್ಟ. ಮಂಗಳವಾರ ಇಟ್ಟ ಕುಂಕುಮ ಅದು."

"ಶಿಷ್ಯರು ಬೇಕಾದಷ್ಟು ಜನ ಇದಾರಲ್ಲಮ್ಮ," ಎಂದರು ಸಬ್ ಇನ್ಸ್‌ಪೆಕ್ಟರ್.

"ಬೆಳ್ಳಿ ಗದೆ ಬಿಟ್ಟು ಕಡಗ ಒಂದನ್ನೇ ಒಯ್ದಿದಾನೆ. ಬೆಳ್ಳಿ ಆಸೆ ಅಲ್ಲ. ಆ ಕಡಗ ಅಲ್ಲಿರಬಾರದು ಅನ್ನೋರು ಇಬ್ಬರೇ ಇದ್ರು. ಹೊಟ್ಟೆಕಿಚ್ಚಿನ ಬೀರೇಶ್, ಇಲ್ಲಾ ಸುಳ್ಳು ಬಯಲಾಗುತ್ತೆ ಅಂತ ಹೆದರಿದ ಕೆಂಪರಾಜು." ಬೀರೇಶ್ ಬಿಳಿಚಿಕೊಂಡ. "ಬೀರೇಶನ ಬೆರಳು ಐದೂ ನೆಟ್ಟಗಿವೆ, ಅವನು ಇಟ್ಟಿದ್ರೆ ಪುಟ್ಟ ಬೊಟ್ಟು ಇರ್ತಿತ್ತು. ಇದು ಉಂಗುರದ ಬೆರಳಿಗೆ ಬ್ಯಾಂಡೇಜು ಇರೋನು ಹೆಬ್ಬೆಟ್ಟಲ್ಲಿ ಬಳಿದದ್ದು. ಬೀರೇಶ್, ಆ ಗದೆ ಮುಟ್ಟದೆ ಟವೆಲಲ್ಲಿ ಹಿಡ್ಕೊಂಡು ಬಾ. ಕೆಂಪರಾಜು, ಟವೆಲ್ ಮೇಲಿಂದ್ಲೇ ಕೈ ಇಟ್ಟು ಹನುಮಪ್ಪನಾಣೆ ನಾನಲ್ಲ ಅನ್ನು. ನಾನು ಮನೆಗೆ ಹೋಗ್ತೀನಿ."

ಕೆಂಪರಾಜು ಕೈ ಚಾಚಿದ. ಗೇಣು ದೂರದಲ್ಲಿ ಆ ಕೈ ನಿಂತುಬಿಟ್ಟಿತು. ಹಾಗೇ ನೆಲಕ್ಕೆ ಕುಸಿದ.

"ಫೈನಲ್‌ನಲ್ಲಿ ಸೋತಿದ್ದೆ ಅಕ್ಕಾ. ಗೆದ್ದೆ ಅಂತ ಊರಿಗೆಲ್ಲ ಹೇಳ್ಬಿಟ್ಟಿದ್ದೆ. ಇಪ್ಪತ್ತು ವರ್ಷ ಅದನ್ನೇ ಹೇಳ್ಕೊಂಡು ಬಂದೆ. ಫೋಟೋ ಹಾಕ್ತೀವಿ ಅಂದಾಗ ದಲ್ಲಾಳಿ ಕೈಲಿ ಆ ಕಡಗ ತರಿಸ್ದೆ. ಗೋವಿಂದರಾಜು ಹೋದ್ಮೇಲೆ ಗುರುಗಳು ಕರೆಸಿದ್ರು. ಭಾನುವಾರ ಎಲ್ಲರೆದುರು ನಿಜ ಹೇಳು ಅಂದ್ರು. ಹೆಂಡ್ತಿ ಮಕ್ಕಳ ಮುಂದೆ ಹೆಂಗೆ ಹೇಳ್ಲಿ?"

ಕಡಗ ಅಖಾಡದ ಮಣ್ಣಿನಲ್ಲೇ ಸಿಕ್ಕಿತು. ಜೀಪು ಹತ್ತುವಾಗ ಅವನು ತಿರುಗಿ, "ಅಕ್ಕಾ, ಫೋಟೋ?" ಎಂದ. ಥೂ ಎನ್ನಬೇಕೆನಿಸಿತು. ಸ್ಕೂಟರಿನತ್ತ ನಡೆದೆ.

ಭಾನುವಾರ ಅವನಿಗಾಗಿ ಹೊಡೆದಿದ್ದ ಮೊಳೆಗೆ ಬೀರೇಶ್ ಉಸ್ತಾದರ ಫೋಟೋ ಹಾಕಿದ. ಬದುಕಿದ್ದಾಗ ಅವರು ಅದಕ್ಕೆ ಒಪ್ಪಿರಲಿಲ್ಲ. ಗೋವಿಂದರಾಜು ಅಕ್ಕನ ಪಕ್ಕ ಬಾಗಿಲಾಚೆಯೇ ನಿಂತಿದ್ದ. ರಮ್ಯ ಅವನ ತೋಳು ಬಿಡಲೇ ಇಲ್ಲ.

"ನಾನು ಅವತ್ತು ಸುಮ್ನಿದ್ದಿದ್ರೆ ಉಸ್ತಾದ್ರು ಬದುಕಿರೋರು, ಅಲ್ವಾ ಅಕ್ಕಾ?" ಎಂದ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಸ್ಕೂಟರ್ ತೆಗೆಯಲು ನನಗೆ ಕೈಸನ್ನೆ ಮಾಡಿದಳು.