ಐದು ಗಂಟೆಗೆ ನಿಂತುಹೋಗುವ ಚಿತ್ರ

ಆ ಭಾನುವಾರ ಮಧ್ಯಾಹ್ನ ಕೃಪಾ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಾಗ ಯಾರೋ ಬಾಗಿಲು ತಟ್ಟಿದರು. ತೆರೆದರೆ ಕೆಳಗಿನ ಮನೆಯವನು.

ಪರರಾಜ್ಯದ ಆ ದೊಡ್ಡ ಊರಿನಲ್ಲಿ, ಸನತ್‌ನಗರದ ಆ ಮಹಡಿ ಮನೆಗೆ ಅವಳು ಬಂದು ಮೂರು ವಾರವಾಗಿತ್ತು. ಮಾತುಕತೆಯೆಲ್ಲ ಏಜೆಂಟನ ಮೂಲಕವೇ ಮುಗಿದಿದ್ದರಿಂದ ಮನೆಯ ಮಾಲೀಕನನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎತ್ತರದ ಆಳು. ಮಡಿಚಿದ ತೋಳಿನ ಕೆಳಗೆ, ಮುಂಗೈಯ ರೋಮದಲ್ಲೆಲ್ಲ ಉಕ್ಕಿನ ಸಣ್ಣ ಪುಡಿ ಬೆಳ್ಳಿಯ ಹಾಗೆ ಮಿನುಗುತ್ತಿತ್ತು. ಬಹಳ ಮರ್ಯಾದೆಯ ಹಿಂದಿಯಲ್ಲಿ ಅವನು ಕೇಳಿದ್ದು ಇಷ್ಟು: ಎರಡೂ ಮನೆಗೆ ವೈಫೈ ಒಂದೇ, ಮೇಡಂ ದಿನಾ ಸಂಜೆ ಐದಕ್ಕೆ ಸಿನಿಮಾ ಡೌನ್‌ಲೋಡ್ ಮಾಡುವುದನ್ನು ಒಂದರ್ಧ ಗಂಟೆ ಮುಂದೆ ಹಾಕಲಾದೀತೇ?

ಕೃಪಾಳಿಗೆ ಮೈ ಉರಿಯಿತು. ಅವಳ ಕೆಲಸವೇ ನೆಟ್‌ವರ್ಕಿನದು. ಸಿನಿಮಾ ನೋಡಿ ಆರು ತಿಂಗಳಾಗಿತ್ತು. ತಾನು ಯಾವ ಡೌನ್‌ಲೋಡನ್ನೂ ಮಾಡುತ್ತಿಲ್ಲ ಎಂದು ಅಷ್ಟೇ ಮರ್ಯಾದೆಯಿಂದ ತಿಳಿಸಿ, ಬಾಗಿಲು ಹಾಕುತ್ತ ತನ್ನಷ್ಟಕ್ಕೆ ಗೊಣಗಿದಳು.

"ಎಂತ ಜನ ಮಾರಾಯ್ರೆ."

ಬಾಗಿಲಿನ ಆಚೆ ಹೆಜ್ಜೆಗಳು ನಿಂತವು. ಸ್ವಲ್ಪ ಹೊತ್ತಿಗೆ ಒಂದು ದನಿ ಬಂತು.

"ಕನ್ನಡದವರೇನ್ರಿ?"

ಅವಳು ಮತ್ತೆ ಬಾಗಿಲು ತೆರೆದಳು. ಅವನ ಮುಖದಲ್ಲಿ ನಾಚಿಕೆಯೂ ನಗುವೂ ಒಟ್ಟಿಗೇ ಬಂದು, ಯಾವುದು ಮೊದಲು ಹೋಗಬೇಕೋ ತಿಳಿಯದೆ ನಿಂತಿದ್ದವು.

ಹೆಸರು ಸೂರ್ಯಕಾಂತ. ಅಜ್ಜನ ಕಾಲಕ್ಕೇ ಶಹಾಪುರದಿಂದ ಬಂದ ಮನೆತನ. ಎರಡು ಗಲ್ಲಿ ಆಚೆ ಅವನದೊಂದು ಸಣ್ಣ ವರ್ಕ್‌ಶಾಪ್. ಕಾರ್ಖಾನೆಗಳಿಗೆ ಬೇಕಾದ ಸ್ಟೀಲಿನ ಡಬ್ಬಿಗಳನ್ನು ಮಾಡಿಕೊಡುತ್ತಿದ್ದ. ಮನೆಯಲ್ಲಿ ಅವನು ಮತ್ತು ಅವನ ಆಯಿ, ಅಂದರೆ ಅಜ್ಜಿ, ಗುರುಬಾಯಿ. ಮೆಟ್ಟಿಲ ಮೇಲೆ ನಿಂತೇ ಅವನು ವಿಷಯ ಹೇಳಿದ. ಗುರುಬಾಯಿಯ ತಂಗಿ ಜಯಮ್ಮ ಶಹಾಪುರದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಎಂಟನೇ ವಯಸ್ಸಿಗೆ ಜ್ವರ ಬಂದು ಕಿವಿ ಹೋಯಿತು. ಅಂದಿನಿಂದ ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಾಳೆ, ಅದರಲ್ಲೂ ಅಕ್ಕನ ತುಟಿ ಅವಳಿಗೆ ಬಾಯಿಪಾಠ. ದಿನಾ ಐದಕ್ಕೆ ಇಬ್ಬರೂ ವಿಡಿಯೋದಲ್ಲಿ ಮಾತಾಡುತ್ತಾರೆ. ಫೋನಿನಲ್ಲಿ ಮುಖ ಹುಣಸೆಬೀಜದಷ್ಟು ಕಾಣುತ್ತದೆಂದು ಅವನು ಅಂಗೈಯಗಲದ ಒಂದು ಕಂಪ್ಯೂಟರ್ ತಂದು, ಕ್ಯಾಮೆರಾ ಹಾಕಿ, ಟಿವಿಗೆ ಜೋಡಿಸಿದ್ದ. ಮೊದಲು ಚೆನ್ನಾಗಿತ್ತು. ಮೂರು ವಾರದಿಂದ ಚಿತ್ರ ನಿಂತು ನಿಂತು ಬರುತ್ತಿದೆ.

"ನಿಂತ ತುಟಿ ಓದಾಕ ಬರೂದಿಲ್ಲರಿ," ಎಂದ ಅವನು.

ಕೃಪಾ ಲ್ಯಾಪ್‌ಟಾಪ್ ಎತ್ತಿಕೊಂಡು, ಎಣ್ಣೆತಲೆಯಲ್ಲೇ ಕೆಳಗಿಳಿದಳು.

ಟಿವಿಯ ಪಕ್ಕ ನಿಂತು ತನ್ನ ಫೋನಿನಲ್ಲಿ ವೈಫೈ ವೇಗ ನೋಡಿದರೆ ಸೆಕೆಂಡಿಗೆ ನಲವತ್ತು ಮೆಗಾಬಿಟ್. ಅದೇ ಜಾಗದಲ್ಲಿ ಆ ಪುಟ್ಟ ಕಂಪ್ಯೂಟರು ಎರಡನ್ನೂ ದಾಟುತ್ತಿರಲಿಲ್ಲ. ಅಂದರೆ ತಪ್ಪು ಮೇಲಿನ ಮನೆಯದಲ್ಲ. ಆ ಸಂಖ್ಯೆಗಳನ್ನು ಅವಳು ಅವನ ಮುಂದೆ ಹಿಡಿದಳು. ಅವನು ನೋಡಿದ್ದು ಸಂಖ್ಯೆಯನ್ನಲ್ಲ, ಗೆದ್ದವಳ ಹುಬ್ಬನ್ನು. ಒಳಗಿನಿಂದ ಗುರುಬಾಯಿ ಒಂದು ತಟ್ಟೆ ಮಂಡಕ್ಕಿ ಸೂಸಲ ತಂದು ಅವಳ ಕೈಗಿಟ್ಟು, ಈ ಹುಡುಗ ಏನೇನು ಅಂದನೋ ತಾನು ಕಾಣೆ, ತಿಂದು ಮರೆತುಬಿಡು ಎಂದಳು.

ಅಂಥ ಕಂಪ್ಯೂಟರಿಗೆ ಒಂದು ಚಾಳಿ ಇರುತ್ತದೆ. ಕರೆಂಟು ಉಳಿಸಲು ಅದರ ವೈಫೈ ಆಗಾಗ ತೂಕಡಿಸುತ್ತದೆ. ಕೃಪಾ ಅದನ್ನು ತೂಕಡಿಸದಂತೆ ಮಾಡಿದಳು. ಎರಡು ಇದ್ದದ್ದು ಮೂರಾಯಿತು. ಮಂಗಳವಾರ ಸಂಜೆ ಬಂದು ನೋಡಿದರೆ ಅಕ್ಕಪಕ್ಕದ ಹತ್ತೊಂಬತ್ತು ಮನೆಗಳ ವೈಫೈ ಒಂದೇ ಚಾನೆಲ್ಲಿನಲ್ಲಿ ನೂಕಾಡುತ್ತಿದ್ದವು. ಈ ಮನೆಯದನ್ನು ಖಾಲಿ ಇರುವ ಚಾನೆಲ್ಲಿಗೆ ಹೊರಳಿಸಿದಳು. ಮೂರು ನಾಲ್ಕಾಗಿ, ಮತ್ತೆ ಮೂರಕ್ಕಿಳಿಯಿತು. ಅವನು ಪಕ್ಕದಲ್ಲಿ ಮಂಡಿಯೂರಿ ಕೂತು ಟಾರ್ಚ್ ಹಿಡಿದಿದ್ದ. ಆ ಮನೆಯಲ್ಲಿ ಎಲ್ಲರೂ ತುಸು ನಿಧಾನವಾಗಿ, ತುಟಿ ತುಂಬ ತೆರೆದು ಮಾತಾಡುತ್ತಿದ್ದರು. ಜಯಮ್ಮನಿಗಾಗಿ ಆದ ರೂಢಿ. ಅವನು ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಆಡುವಾಗ ಕೃಪಾಳ ಕಣ್ಣು ಪರದೆ ಬಿಟ್ಟು ಅಲ್ಲೇ ತಂಗುತ್ತಿತ್ತು. ಅವನು ಅದನ್ನು ಕಂಡು ಮಾತು ನಿಲ್ಲಿಸಿದರೆ, ಅವಳು ಕೀಲಿಮಣೆಯ ಕಡೆ ಬಗ್ಗಿ ಇಲ್ಲದ ತಪ್ಪೊಂದನ್ನು ಹುಡುಕುತ್ತಿದ್ದಳು.

ಕಂಪ್ಯೂಟರನ್ನು ಇಟ್ಟಿದ್ದು ಒಂದು ಸ್ಟೀಲಿನ ಡಬ್ಬಿಯಲ್ಲಿ. ಮುಚ್ಚಳದ ಮೇಲೆ ಸಣ್ಣ ನವಿಲು ಕೊರೆದಿತ್ತು. ಅದನ್ನು ತಾನೇ ಮಾಡಿದ್ದೆಂದು ಅವನು ಹೇಳಿದ. ನಾಲ್ಕು ಭಾನುವಾರದ ಕೆಲಸ. ಒರೆಸುವಾಗ ಆಯಿಯ ಬೆರಳಿಗೆ ತಾಗಬಾರದೆಂದು ಅಂಚುಗಳನ್ನೆಲ್ಲ ಕೈಯಿಂದಲೇ ಅರದಿಂದ ಉಜ್ಜಿದ್ದ. ಮುಗಿದದ್ದು ಮೂರು ವಾರದ ಹಿಂದೆ.

ಆಗಲೇ ಕೃಪಾಳಿಗೆ ಅನುಮಾನ ಬಂತು.

ಬುಧವಾರ ಅವನು ಹೊಸ ಪವರ್ ಅಡಾಪ್ಟರ್ ತರಲು ಅಬಿಡ್ಸ್ ಪೇಟೆಯ ಕಡೆ ಹೋಗಿದ್ದ. ಗುರುಬಾಯಿ ಮಂಚದ ಮೇಲೆ ಅಡ್ಡಾಗಿದ್ದಳು. ಕಿಟಕಿಯಿಂದ ಫೆಬ್ರವರಿಯ ಬಿಸಿಲು ನೆಲದ ಮೇಲೆ ಚಾಚಿಕೊಂಡಿತ್ತು. ಕೃಪಾ ಮೆಲ್ಲಗೆ ಡಬ್ಬಿಯ ಮುಚ್ಚಳ ತೆಗೆದು, ಕಂಪ್ಯೂಟರನ್ನು ಹೊರಗಿಟ್ಟು ವೇಗ ನೋಡಿದಳು. ಮೂವತ್ತೆಂಟು. ಒಳಗಿಟ್ಟು ಮುಚ್ಚಿದಳು. ಮೂರು. ಅದರ ಪುಟ್ಟ ಆಂಟೆನಾ ಉಕ್ಕಿನ ಗೋಡೆಗಳ ನಡುವೆ ಉಸಿರುಕಟ್ಟಿ ಕೂತಿತ್ತು, ಅಷ್ಟೇ ಸಂಗತಿ.

ಅವನು ಬಂದಾಗ ಅಂಗಿ ಬೆವರಿಗೆ ಅಂಟಿತ್ತು. ಅಡಾಪ್ಟರನ್ನು ಎರಡೂ ಕೈಯಲ್ಲಿ ಹಿಡಿದು, ಇದರಿಂದ ಆಗಬಹುದೇ ಎಂದು ಕೇಳಿದ. ಅವಳು ಮುಚ್ಚಳದ ಮೇಲಿನ ಆ ನವಿಲನ್ನು ಬೆರಳಿನಿಂದ ಸವರಿದಳು. ಹೇಳಿದರೆ ಅವನ ಮುಖ ಸಣ್ಣದಾಗುತ್ತದೆ. ಹೇಳಿದರೆ ನಾಳೆ ಐದಕ್ಕೆ ತಾನು ಇಳಿದು ಬರಲು ಕಾರಣವೂ ಇರುವುದಿಲ್ಲ. ಇವೆರಡರಲ್ಲಿ ಯಾವುದು ದೊಡ್ಡದೆಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ.

"ನೋಡುವ," ಎಂದಳು.

ಹಾಗೆ ಆರು ದಿನ ಕಳೆದವು. ಅವಳು ಕೇಬಲ್ ಬದಲಿಸಿದಳು, ಟಿವಿಯ ಜಾಗ ಬದಲಿಸಿದಳು, ಬೇಡದ ಪ್ರೋಗ್ರಾಂಗಳನ್ನು ಅಳಿಸಿದಳು. ಚಾಪೆಯ ಮೇಲೆ ಅವರಿಬ್ಬರ ಮೊಣಕೈ ನಡುವಿನ ಅಂತರ ದಿನಕ್ಕಿಷ್ಟು ಕಡಿಮೆಯಾಯಿತು. ಅವನು ಅವಳ ಊರಿನ 'ಎಂತ' ಕಲಿತು ಎಲ್ಲದಕ್ಕೂ ಅದನ್ನೇ ಹಾಕುತ್ತಿದ್ದ. ಅವಳು 'ಐತಿ' ಎನ್ನಲು ಹೋಗಿ ತಪ್ಪಿದರೆ ಗುರುಬಾಯಿ ತಿದ್ದುತ್ತಿದ್ದಳು. ಸಂಜೆ ಪಾಳಿ ಬಿಟ್ಟ ಕಾರ್ಖಾನೆಯ ಸೈರನ್ ಕೂಗಿದರೆ ಸಾಕು, ಮಹಡಿಯ ಮೇಲೆ ಕೃಪಾಳ ಕೈ ತಾನಾಗಿ ಬಾಚಣಿಗೆ ಹುಡುಕುತ್ತಿತ್ತು.

ಏಳನೆಯ ದಿನ ಅದು ನಡೆಯಿತು. ಯುಗಾದಿಗೆ ಒಂದು ತಿಂಗಳು ಅಕ್ಕನ ಜೊತೆ ಇರಲು ಬರಲೇ ಎಂದು ಜಯಮ್ಮ ಪರದೆಯಲ್ಲಿ ಕೇಳಿದಳು. ತನಗೆ ಕೇಳದ ತನ್ನ ದನಿ ಎಷ್ಟು ಎತ್ತರವಿದೆ ಎಂದು ತಿಳಿಯದೆ ಅವಳು ಯಾವಾಗಲೂ ಜೋರಾಗಿಯೇ ಆಡುತ್ತಿದ್ದಳು. ಗುರುಬಾಯಿ ನಕ್ಕು, ಬರಬ್ಯಾಡ ಅಂತ ಯಾರು ಅಂದಾರ, ನಾಳೇನೇ ಬಾ ಎಂದಳು. ಆದರೆ ಚಿತ್ರ 'ಬರಬ್ಯಾಡ' ಎಂಬಲ್ಲಿಗೇ ನಿಂತುಬಿಟ್ಟಿತು. ಅದು ಮತ್ತೆ ಸರಿಯುವಷ್ಟರಲ್ಲಿ ಜಯಮ್ಮನ ಮುಖದಲ್ಲಿ ಬಣ್ಣವಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ಪರದೆಯ ತುಂಬ ಖಾಲಿ ಕುರ್ಚಿ.

ಮರುದಿನವೂ ಅವಳು ಬಂದು ಕೂರಲಿಲ್ಲ. ಸೊಸೆ ಎಷ್ಟು ತಿಳಿಹೇಳಿದರೂ ಕೇಳಲಿಲ್ಲವಂತೆ. ಅಕ್ಕನ ಬಾಯಲ್ಲಿ ತಾನೇ ಕಂಡೆ, ನೀವು ಸುಳ್ಳು ಸಮಾಧಾನ ಹೇಳಬೇಡಿ ಎಂದಳಂತೆ. ಗುರುಬಾಯಿ ಟಿವಿಯ ಮುಂದೆ ಸುಮ್ಮನೆ ಕೂತಿದ್ದಳು. ಅಳುತ್ತಿರಲಿಲ್ಲ. ಮಡಿಲಲ್ಲಿ ಕೈಗಳನ್ನು ಮಗುಚಿ ಮಗುಚಿ ಇಡುತ್ತಿದ್ದಳು.

ಕೃಪಾಳಿಂದ ನೋಡಲಾಗಲಿಲ್ಲ. ಅವಳು ಟಿವಿಯ ಹತ್ತಿರ ಹೋಗಿ ಡಬ್ಬಿಯ ಮುಚ್ಚಳ ತೆಗೆದು, ಕಂಪ್ಯೂಟರನ್ನು ಹೊರಗಿಟ್ಟು, ಸೂರ್ಯಕಾಂತನಿಗೆ ಸಂಖ್ಯೆ ತೋರಿಸಿದಳು. ಮೂವತ್ತೆಂಟು. ಕಾರಣ ಡಬ್ಬಿ ಎಂದಳು.

ಅವನು ಸಂಖ್ಯೆ ನೋಡಿದ, ಡಬ್ಬಿ ನೋಡಿದ. "ಯಾವಾಗ ಗೊತ್ತಾತು ನಿಮಗ?"

"ಹೋದ ವಾರ. ಬುಧವಾರ."

"ಮತ್ತ ಹೇಳಲಿಲ್ಲ."

"ನೀವು ಅಷ್ಟು ಆಸೆಯಿಂದ ಮಾಡಿದ್ದು ಅಂತ." ಅರ್ಧ ಸತ್ಯ ಬಾಯಲ್ಲಿ ಕಹಿಯಾಗಿತ್ತು. "ಅದೊಂದೇ ಅಲ್ಲ. ಸರಿಯಾದ್ರೆ ನಾನು ಇಲ್ಲಿಗೆ ಬರೋದು ನಿಲ್ತದೆ ಅಂತ."

ಅವನು ಸಿಟ್ಟು ಮಾಡಿದ್ದರೆ ಸುಲಭವಿತ್ತು. ಅವನು ಡಬ್ಬಿಯನ್ನು ಎತ್ತಿಕೊಂಡ, ಒಮ್ಮೆ ಆಯಿಯ ಕಡೆ ನೋಡಿದ, ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ವರ್ಕ್‌ಶಾಪಿನ ಕಡೆ ಸ್ಕೂಟರು ಹೊರಟ ಸದ್ದು ಕೇಳಿಸಿತು.

ಮರುದಿನ ಅವಳು ಕೆಳಗಿಳಿಯಲಿಲ್ಲ. ಅವನೂ ಮೇಲೆ ಬರಲಿಲ್ಲ. ಐದರ ಸೈರನ್ ಕೂಗಿ, ಸುಮ್ಮನಾಯಿತು.

ಶನಿವಾರ ಬೆಳಿಗ್ಗೆ, ಅವನು ವರ್ಕ್‌ಶಾಪಿಗೆ ಹೋದ ಮೇಲೆ, ಕೃಪಾ ಗುರುಬಾಯಿಯ ಹತ್ತಿರ ಶಹಾಪುರದ ವಿಳಾಸ ಕೇಳಿದಳು. ಮುದುಕಿ ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿ, ವಿಳಾಸ ಹೇಳಿದಳು. ಸೂರ್ಯನಿಗೆ ಹೇಳಲೇ ಎಂದು ಕೇಳಿದಳು. ಕೃಪಾ ಬೇಡವೆಂದಳು.

ಬಸ್ಸಿನಲ್ಲಿ ಆರು ಗಂಟೆ. ಕಿಟಕಿಯಾಚೆ ಬಂಡೆಗಳು, ತೊಗರಿ ಕೊಯ್ದ ಹೊಲಗಳು, ಬಿಸಿಲಿನಲ್ಲಿ ತೇಲುವ ಊರುಗಳು. ಹೇಳಬೇಕಾದ ಮಾತನ್ನು ಅವಳು ತುಟಿಯಲ್ಲೇ ಅಭ್ಯಾಸ ಮಾಡುತ್ತ ಹೋದಳು. ಆದರೆ ಜಯಮ್ಮನ ಎದುರು ಕೂತು ಎಷ್ಟು ನಿಧಾನವಾಗಿ ಆಡಿದರೂ ಅವಳಿಗೆ ತಿಳಿಯಲಿಲ್ಲ. ಕರಾವಳಿಯ ತುಟಿ ಬೇರೆ ಥರ ಆಡುತ್ತಿತ್ತು. ಕಡೆಗೆ ಕೃಪಾ ಸೊಸೆಯಿಂದ ಒಂದು ಹಾಳೆ ಇಸಿದುಕೊಂಡು ಬರೆದಳು: ಅಕ್ಕ ಅಂದದ್ದು 'ಬರಬ್ಯಾಡ ಅಂತ ಯಾರು ಅಂದಾರ, ನಾಳೇನೇ ಬಾ' ಎಂದು. ಚಿತ್ರ ನಿಂತದ್ದು ನನ್ನಿಂದ. ಎಲ್ಲಿ ಕೆಟ್ಟಿದೆ ಎಂದು ಗೊತ್ತಿದ್ದೂ ನಾನು ಸರಿಮಾಡಲಿಲ್ಲ.

ಜಯಮ್ಮ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಆಮೇಲೆ ತಲೆಯೆತ್ತಿ, ಬೀದಿಗೆ ಕೇಳುವಂತೆ ಕೇಳಿದಳು.

"ಯಾಕ ಮಾಡಲಿಲ್ಲ?"

ಕೃಪಾ ಪೆನ್ನು ಹಿಡಿದು ಕೂತಳು. ಒಂದು ಪದ ಬರೆದು ಹೊಡೆದುಹಾಕಿದಳು. ಅವಳ ಮುಖ ಕೆಂಪಾದದ್ದನ್ನು ಜಯಮ್ಮ ನೋಡಿದಳು. ಆ ಭಾಷೆ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಐದು ಗಂಟೆಗೆ ಜಯಮ್ಮ ತಾನೇ ಕರೆ ಮಾಡಿದಳು. ಸನತ್‌ನಗರದ ಆ ಕೋಣೆ ಕನ್ನಡಿಯಷ್ಟು ನಿಚ್ಚಳವಾಗಿ ಮೂಡಿತು. ಅಕ್ಕತಂಗಿಯರು ಒಬ್ಬರನ್ನೊಬ್ಬರು ಬೈದುಕೊಂಡರು, ಅತ್ತರು, ಯುಗಾದಿಯ ತನಕ ಕಾಯುವುದು ಬೇಡ, ನಾಳೆಯೇ ಹೊರಡುತ್ತೇನೆ ಎಂದು ತೀರ್ಮಾನವಾಯಿತು. ಸೂರ್ಯಕಾಂತ ಗುರುಬಾಯಿಯ ಹಿಂದೆ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಜಯಮ್ಮನ ಭುಜದ ಹಿಂದೆ ಕೃಪಾಳನ್ನು ಕಂಡ ಕೂಡಲೇ ಅವನು ಚೌಕಟ್ಟು ಹಿಡಿದುಕೊಂಡ. ಏನನ್ನೋ ಅಂದ. ದನಿ ಇರಲಿಲ್ಲ, ತುಟಿ ಮಾತ್ರ ಆಡಿತು.

ಜಯಮ್ಮ ಅದನ್ನು ನೋಡಿದಳು. ಮೊದಲು ಹುಬ್ಬೇರಿತು, ಆಮೇಲೆ ಮೈಯೆಲ್ಲ ಅಲುಗುವಂತೆ ನಕ್ಕಳು. ಏನೆಂದ ಎಂದು ಕೃಪಾ ಸನ್ನೆಯಲ್ಲಿ ಎಷ್ಟು ಕೇಳಿದರೂ ಹೇಳಲಿಲ್ಲ. ನಾಳೆ ಅವನ ಬಾಯಿಂದಲೇ ಕೇಳು ಎಂದುಬಿಟ್ಟಳು.

ಭಾನುವಾರ ಮಧ್ಯಾಹ್ನ ಇಮ್ಲಿಬನ್ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಇಳಿದಾಗ ಅವನು ಕಾಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ. ಮುಂಗೈ ತಿಕ್ಕಿ ತೊಳೆದಿದ್ದರೂ ಅಲ್ಲಲ್ಲಿ ಮಿನುಗು ಉಳಿದಿತ್ತು. ಸಣ್ಣ ಆಯಿ ಜಯಮ್ಮನ ಕಾಲಿಗೆ ಬಿದ್ದ, ಚೀಲ ತೆಗೆದುಕೊಂಡ. ಕೃಪಾಳ ಮುಂದೆ ಬಂದು ನಿಂತ. ಸುತ್ತಲೂ ಕಂಡಕ್ಟರುಗಳ ಕೂಗು, ಹಾರ್ನು, ಮೂಟೆಗಳು. ಅವನು ಮತ್ತೆ ನಿನ್ನೆಯ ಹಾಗೇ ದನಿಯಿಲ್ಲದೆ ತುಟಿ ಆಡಿಸಿದ.

ಜಯಮ್ಮ ಅವನ ಬೆನ್ನಿಗೊಂದು ಗುದ್ದಿದಳು. "ನನಗ ತಿಳೀತೋ. ಆಕಿಗೆ ಕಿವಿ ಐತಿ. ಕೇಳಂಗ ಹೇಳು."

ಅಕ್ಕಪಕ್ಕದವರು ತಿರುಗಿ ನೋಡಿದರು. ಅವನ ಕಿವಿ ಕೆಂಪಾಯಿತು.

"ಆ ದಿನ ಭಾಳ ನೋವಾತ್ರಿ. ಡಬ್ಬಿ ಸಲುವಾಗಿ ಅಲ್ಲ, ಆಯಿ ಸಲುವಾಗಿ," ಎಂದ. ಒಂದೊಂದು ಅಕ್ಷರವನ್ನೂ ಬಿಡಿಸಿ, ಆದರೆ ಈಗ ದನಿ ಸೇರಿಸಿ. "ಆದರ ಐದ ಗಂಟೆ ಆತಂದ್ರ ನಿಮ್ಮ ಹೆಜ್ಜಿ ಸಪ್ಪಳಾ ಕೇಳಬೇಕು ನನಗ. ಎರಡ ದಿನ ಕೇಳಲಿಲ್ಲ, ಇರಾಕ ಆಗಲಿಲ್ಲ. ನೀವು ದಿನಾ ಬರ್ರಿ ಕೃಪಾ. ಮನ್ಯಾಗ ಏನೂ ಕೆಟ್ಟಿರದಿದ್ದರೂ ಬರ್ರಿ."

ಕೃಪಾಳ ಕಣ್ಣಿನಲ್ಲಿ ನೀರು ತುಂಬಿ ಬಸ್ಸುಗಳೆಲ್ಲ ಬಣ್ಣವಾಗಿ ಕದಡಿದವು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಕ್ಷಮೆಯ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಬರ್ತೇನೆ," ಎಂದಳು. "ಇನ್ನು ಮೇಲೆ ಎಂತ ಗೊತ್ತಾದ್ರೂ ಆ ಕ್ಷಣವೇ ಹೇಳ್ತೇನೆ."

"ಹಂಗಾರ ಈಗ ಏನ ಗೊತ್ತಾತು, ಹೇಳ್ರಿ."

ಅವಳು ಹೇಳಿದಳು. ಅಷ್ಟರಲ್ಲಿ ಪಕ್ಕದ ಬಸ್ಸೊಂದು ಹಾರ್ನು ಹೊಡೆದು ಆ ಎರಡು ಮಾತುಗಳನ್ನು ಪೂರ್ತಿ ನುಂಗಿಹಾಕಿತು. ಸೂರ್ಯಕಾಂತನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಆದರೆ ಅವನು ಜಯಮ್ಮನ ಮನೆತನದವನು. ಅವನ ಮುಖ ಬೆಳಗಿತು. ಚೀಲವನ್ನು ಎಡಗೈಗೆ ಬದಲಿಸಿ, ಬಲಗೈಯನ್ನು ಅವಳ ಕಡೆ ಚಾಚಿದ.